ಹಿಡಿಯ ಕೆಳಗಿನ ಚಪ್ಪಲಿ

ನಿವೃತ್ತಿಯ ದಿನ ನನಗೊಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ, ಒಂದು ಗಾಜಿನ ಫಲಕ ಕೊಟ್ಟರು. ಹಾರವನ್ನು ಹಸು ತಿಂದಿತು. ಗಡಿಯಾರ ಮಳೆಗಾಲ ಮುಗಿಯುವಷ್ಟರಲ್ಲಿ ನಿಂತುಹೋಯಿತು. ಫಲಕ ಮಾತ್ರ ಟೀವಿಯ ಪಕ್ಕದಲ್ಲಿ ಇನ್ನೂ ಇದೆ. ಅದರ ಮೇಲೆ ನನ್ನ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ಸ್ಟೆಡ್‌ಫಾಸ್ಟ್ ಸರ್ವಿಸ್ ಎಂದು ಕೆತ್ತಿಸಿದ್ದಾರೆ. ಸರ್ವಿಸ್ ಏನೆಂದು ಗೊತ್ತು, ಕರೆಂಟ್ ಕಂಬ ಹತ್ತಿ ಹತ್ತಿ ಮಂಡಿ ಸವೆಸಿಕೊಂಡವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಇನ್ನೊಂದು ಪದದಲ್ಲಿ ಫಾಸ್ಟ್ ಎಂದು ಕಂಡದ್ದರಿಂದ, ನಾನು ಬೇಗ ಬೇಗ ಕೆಲಸ ಮಾಡುತ್ತಿದ್ದೆನೆಂದು ಹೊಗಳಿದ್ದಾರೆ ಅಂದುಕೊಂಡೆ. ಹಾಗಂತ ಹೆಂಡತಿಗೆ ಹೇಳಿದೆ. ನೀವು ಬೇಗ ಹೋಗುತ್ತಿದ್ದದ್ದು ಬಾಡೂಟಕ್ಕೆ ಮಾತ್ರ ಎಂದು ಅವಳು ಪಾತ್ರೆ ತೊಳೆಯಲು ಎದ್ದುಹೋದಳು.

ನಮ್ಮ ಹುಣಸೂರಿನ ಬೀದಿಯಲ್ಲೇ ಶಿವಣ್ಣ ಮೇಷ್ಟ್ರು ಇದ್ದಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನನಗಿಂತ ಮುಂಚೆ ನಿವೃತ್ತರಾದವರು. ಒಂದು ದಿನ ಕಾಫಿಗೆ ಬಂದಾಗ ಫಲಕ ನೋಡಿದರು. ಇದರಲ್ಲಿ ವೇಗದ ಮಾತೇ ಇಲ್ಲ ಪುಟ್ಟಸ್ವಾಮಿ ಎಂದು ಶುರುಮಾಡಿದರು. ಪಾಠ ಮಾಡುವ ಚಟ ಹೋಗಿಲ್ಲ ಅವರಿಗೆ, ಪೂರ್ತಿ ಕೇಳಲೇಬೇಕು. ಸ್ಟೆಡ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಜಾಗ. ಫಾಸ್ಟ್ ಎಂದರೆ ಬಿಗಿದು ಕಟ್ಟಿದ್ದು. ಬೇಗ ಅನ್ನುವ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಎರಡೂ ಸೇರಿದರೆ, ತನ್ನ ಜಾಗಕ್ಕೆ ಬಿಗಿದು ಕಟ್ಟಿಕೊಂಡವನು, ಅಲುಗದವನು. ನೀವು ಕಂಬ ನಿಲ್ಲಿಸುವಾಗ ಸ್ಟೆಡಿ ಸ್ಟೆಡಿ ಅಂತ ಕೂಗುತ್ತೀರಲ್ಲ, ಅದೂ ಇದೇ ಜಾಗದಿಂದ ಹುಟ್ಟಿದ್ದು. ನಮ್ಮ ಸ್ಥಾನ, ಸ್ಥಿತಿ, ಸ್ಥಿರ ಎಲ್ಲ ಅದರ ದೂರದ ದಾಯಾದಿಗಳು. ಒಬ್ಬನ ಬದಲಿಗೆ ಇನ್ನೊಬ್ಬ ಅನ್ನುವುದಕ್ಕೆ ಇನ್‌ಸ್ಟೆಡ್ ಅಂತಾರಲ್ಲ, ಅದಕ್ಕೂ ಅವನ ಜಾಗದಲ್ಲಿ ನಿಂತು ಅಂತಲೇ ಅರ್ಥ. ಇಷ್ಟು ಹೇಳಿ ಅವರು ಕಾಫಿ ಕುಡಿದು ಎದ್ದರು.

ಅವರು ಹೋದ ಮೇಲೆ ನಾನು ಆ ಫಲಕವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಯಾಕೆಂದು ಹೆಂಡತಿ ಕೇಳಿದಳು. ಧೂಳು ಕೂರುತ್ತೆ ಅಂದೆ. ನಿಜ ಏನೆಂದರೆ, ಜಾಗಕ್ಕೆ ಕಟ್ಟಿಹಾಕಿಕೊಂಡವನು ಎಂದು ಮೇಷ್ಟ್ರು ಅನ್ನುತ್ತಿದ್ದಂತೆಯೇ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಟ್ರಾನ್ಸ್‌ಫಾರ್ಮರ್ ಕಂಬ ಕಣ್ಣ ಮುಂದೆ ಬಂತು. ಅದರ ಪಕ್ಕದಲ್ಲಿ ನಿಂತ ಒಬ್ಬ ಮುದುಕ ಬಂದ. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿದ್ದು. ಈಗ ಕೆಲಸಕ್ಕೆ ಸೇರುವ ಹುಡುಗರನ್ನು ಪವರ್‌ಮ್ಯಾನ್ ಅನ್ನುತ್ತಾರೆ. ನಾವು ಲೈನ್‌ಮನ್‌ಗಳು. ಹೆಸರು ದೊಡ್ಡದಾಗಿದೆ, ಕಂಬ ಅಷ್ಟೇ ಎತ್ತರ ಇದೆ. ಹುಡುಗರೇ, ನೀವು ಓದಲಿ ಅಂತ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ರಂಗಯ್ಯ ಮೇಸ್ತ್ರಿ. ಕೆ.ಆರ್. ನಗರದ ಕಡೆ, ನಾಲೆ ಬಯಲಿನಲ್ಲಿ. ಒಣಕಲು ಆಳು, ಬಾಯಿ ಬಿಟ್ಟರೆ ಬೈಗುಳ. ಆದರೆ ನಮ್ಮಲ್ಲಿ ಯಾರಾದರೂ ಕಂಬದ ಮೇಲಿದ್ದರೆ ಬೀಡಿಯನ್ನೂ ಹಚ್ಚುತ್ತಿರಲಿಲ್ಲ, ಕತ್ತೆತ್ತಿ ನೋಡುತ್ತಲೇ ಇರುತ್ತಿದ್ದರು. ಸೇರಿದ ಹೊಸದರಲ್ಲಿ ಒಂದು ಟಿಸಿಯ ಫ್ಯೂಸು ಕೀಳು ಎಂದು ಕಳಿಸಿದರು. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರು, ನಮ್ಮ ಕಡೆ ಮಕ್ಕಳೂ ಟಿಸಿ ಅಂತಲೇ ಅನ್ನುತ್ತಾರೆ. ನಾನು ಪಕ್ಕದ ಬೀದಿಯ ಟಿಸಿಯದು ಕಿತ್ತೆ. ಅಲ್ಲಿ ಛತ್ರದಲ್ಲಿ ಮದುವೆ. ಮೈಕು ನಿಂತಿತು, ಅಡುಗೆಮನೆಯಲ್ಲಿ ಕಾಯಿ ರುಬ್ಬುತ್ತಿದ್ದ ಯಂತ್ರ ನಿಂತಿತು. ಬೀಗರು ಹುಡುಕಿಕೊಂಡು ಬಂದು ನನ್ನ ಕೊರಳುಪಟ್ಟಿ ಹಿಡಿದರು. ಮೇಸ್ತ್ರಿ ಬಂದು ಬಿಡಿಸಿಕೊಂಡು, ಅವರ ಎದುರಿಗೇ ಬೈದು, ಆಮೇಲೆ ಅದೇ ಛತ್ರದಲ್ಲಿ ಕೂರಿಸಿ ಊಟ ಹಾಕಿಸಿದರು.

ಆ ತಪ್ಪನ್ನು ನಗುತ್ತಾ ಹೇಳಬಹುದು. ಇನ್ನೊಂದಿದೆ. ಅದು ತಿಳಿಯಬೇಕಾದರೆ ಹಿಡಿ ಏನು ಅನ್ನುವುದು ಗೊತ್ತಿರಬೇಕು. ಲೈನಿನ ದಾರಿಯಲ್ಲಿ ಅಲ್ಲಲ್ಲಿ ಕೆಲವು ಕಂಬಗಳಿಗೆ ಕೈಗೆಟುಕುವ ಎತ್ತರದಲ್ಲಿ ಕಬ್ಬಿಣದ ಹಿಡಿ ಇರುತ್ತದೆ. ಕೆಳಕ್ಕೆಳೆದರೆ ಮೇಲೆ ಸಂಪರ್ಕ ತಪ್ಪಿ ಅಲ್ಲಿಂದ ಮುಂದಿನ ಲೈನು ಸಾಯುತ್ತದೆ. ಮೇಲಕ್ಕೆತ್ತಿದರೆ ಜೀವ ಬರುತ್ತದೆ. ನಾವು ಹಿಡಿ ಇಳಿಸಿ, ಎಲ್ಲೋ ದೂರದ ಕಂಬ ಹತ್ತಿ ಕೆಲಸ ಮಾಡುತ್ತೇವೆ. ಅಷ್ಟು ಹೊತ್ತೂ ಯಾರೂ ಆ ಹಿಡಿ ಎತ್ತಬಾರದು. ಅದಕ್ಕೆ ಬೀಗ ಇರಬೇಕು ಅನ್ನುತ್ತೀರಿ. ಇರುತ್ತಿತ್ತು. ತುಕ್ಕು ಹಿಡಿದು ತೆಗೆಯಲು ಬರದೆ ನಾವೇ ಒಡೆಯುತ್ತಿದ್ದೆವು, ಇಲ್ಲವೇ ಪಂಪ್‌ಸೆಟ್ಟಿನವರು ಒಡೆಯುತ್ತಿದ್ದರು. ಹೊಸ ಬೀಗ ಕೇಳಿದರೆ ಬರೆದುಕೊಡಿ ಅನ್ನುತ್ತಿದ್ದರು. ಕಾವಲಿಗೆ ಒಬ್ಬನನ್ನು ನಿಲ್ಲಿಸಬೇಕು ಅನ್ನುತ್ತೀರಿ. ಇದ್ದದ್ದೇ ಇಬ್ಬರು. ಒಬ್ಬ ಮೇಲೆ ಹತ್ತಬೇಕು, ಇನ್ನೊಬ್ಬ ಕೆಳಗಿನಿಂದ ಹಗ್ಗದಲ್ಲಿ ಸಾಮಾನು ಕಳಿಸಬೇಕು.

ಹಾಗಾಗಿ ನಮ್ಮ ಮೂರನೆಯ ಆಳು ಚಪ್ಪಲಿ. ನಾವು ಬರಿಗಾಲಲ್ಲಿ ಹತ್ತುತ್ತಿದ್ದೆವು. ಹತ್ತುವವನು ತನ್ನ ಚಪ್ಪಲಿಯನ್ನು ಹಿಡಿಯ ಕೆಳಗೇ ಬಿಟ್ಟು ಹೋಗಬೇಕು. ಚಪ್ಪಲಿ ಅಲ್ಲಿದ್ದರೆ ಅದರ ಒಡೆಯ ಮೇಲಿದ್ದಾನೆ ಎಂದು ಅರ್ಥ. ಅವನೇ ಬಂದು ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಹಿಡಿ ಎತ್ತುವಂತಿಲ್ಲ. ಇದು ಯಾವ ಕಾನೂನಿನಲ್ಲೂ ಇರಲಿಲ್ಲ, ಆದರೆ ಹಳ್ಳಿಯವರಿಗೆಲ್ಲ ಗೊತ್ತಿತ್ತು. ದನ ಕಾಯುವವರು ಕೂಡ ಆ ಚಪ್ಪಲಿ ದಾಟುತ್ತಿರಲಿಲ್ಲ. ರಂಗಯ್ಯ ಮೇಸ್ತ್ರಿ ಇದಕ್ಕೆ ಇನ್ನೊಂದನ್ನು ಸೇರಿಸಿದ್ದರು. ಚಪ್ಪಲಿ ಮೆಟ್ಟಿದವನು ಬಾಯಿಬಿಟ್ಟು ಇಳಿದೆ ಅನ್ನಬೇಕು. ಅವನ ಬಾಯಿಂದಲೇ ಬರಬೇಕು.

ಒಂದು ಸಲ ಮೇಸ್ತ್ರಿಯೂ ನಮ್ಮ ಜೊತೆ ಬಂದು ಹಿಡಿಯ ಹತ್ತಿರ ನಿಂತಿದ್ದರು. ಗದ್ದೆಯ ಆಚೆ ಒಬ್ಬ ಹಳಬ ಮೇಲೆ ಹತ್ತಿದ್ದ. ಕೆಲಸ ಮುಗಿದು ಅವನು ಇಳಿದದ್ದನ್ನು ಕಣ್ಣಾರೆ ಕಂಡು, ನಾನು ಮುಂದಾಗಿ ಹಿಡಿಯ ಹತ್ತಿರ ಬಂದು, ಇಳಿದಾಯ್ತು ಮೇಸ್ತ್ರಿ, ಎತ್ತಿ ಅಂದೆ. ಮೇಸ್ತ್ರಿ ಚಪ್ಪಲಿ ತೋರಿಸಿದರು. ಅವನು ಹಿಂದೆ ಬರುತ್ತಿದ್ದಾನೆ, ಅವನ ಬದಲು ನಾನು ಹೇಳುತ್ತಿದ್ದೇನೆ ಅಂದೆ.

"ಅವ್ನ್ ಬದ್ಲು ನೀನ್ ಸಾಯ್ತೀಯೇನ್ಲಾ? ಓಗ್, ಅವ್ನೇ ಬಂದ್ ಯೋಳ್ಲಿ" ಅಂದರು.

ಗೊಣಗುತ್ತಾ ಬದುವಿನ ಮೇಲೆ ವಾಪಸ್ಸು ನಡೆದೆ. ಹೋಗಿ ನೋಡಿದರೆ ಆ ಹಳಬ ಮತ್ತೆ ಕಂಬದ ತುದಿಯಲ್ಲಿದ್ದಾನೆ, ಒಂದು ಕೈಯಲ್ಲಿ ತಂತಿ ಹಿಡಿದುಕೊಂಡು. ಕಟಿಂಗ್ ಪ್ಲೇಯರು ಮೇಲೆಯೇ ಮರೆತಿದ್ದನಂತೆ. ಆ ಬದುವಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಮೇಸ್ತ್ರಿ ಆವತ್ತು ನನ್ನನ್ನು ಬೈಯಲಿಲ್ಲ.

ಅಲ್ಲಿಂದ ನನ್ನನ್ನು ಎಲ್ಲೆಲ್ಲಿಗೋ ಹಾಕಿದರು. ವೀರನಹೊಸಹಳ್ಳಿಯ ಕಡೆ ಆನೆಗಳು ಕಂಬದ ಸ್ಟೇ ವೈರಿಗೆ ಮೈ ಉಜ್ಜಿ ಉಜ್ಜಿ ಕಂಬ ವಾಲಿಸುತ್ತಿದ್ದವು. ಸ್ಟೇ ಅಂದರೆ ಕಂಬ ವಾಲದಂತೆ ಎಳೆದು ಹಿಡಿಯಲು ನೆಲಕ್ಕೆ ಬಿಗಿದ ತಂತಿ. ಆನೆ ಮಾಡದ ಕೆಲಸವನ್ನು ಜನ ಮಾಡುತ್ತಿದ್ದರು, ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಸ್ಟೇ ಬಿಚ್ಚುತ್ತಿದ್ದರು, ಎಮ್ಮೆ ಕಟ್ಟುತ್ತಿದ್ದರು. ಹೇಳಿದರೆ, ಇಷ್ಟು ವರ್ಷ ಏನೂ ಆಗಿಲ್ಲ ಬುಡಣ್ಣ ಅನ್ನುತ್ತಿದ್ದರು. ಸರಗೂರಿನಲ್ಲಿ ಒಬ್ಬ ಜೂನಿಯರ್ ಇಂಜಿನಿಯರ್ ಸಾಹೇಬರಿದ್ದರು, ನಾವು ಮೇಲಿದ್ದರೆ ಅವರೂ ಮಳೆಯಲ್ಲಿ ಕೆಳಗೆ ನೆನೆಯುತ್ತಾ ನಿಲ್ಲುತ್ತಿದ್ದರು. ಅವರ ನಂತರ ಬಂದವರು ಜೀಪಿನಿಂದಲೇ, ಇನ್ನೂ ಎಷ್ಟು ಹೊತ್ತು ಮಾಡ್ತೀರಿ ಎಂದು ಕೂಗುತ್ತಿದ್ದರು. ಇಬ್ಬರಿಗೂ ಒಂದೇ ಸಂಬಳ. ಕಂಬಗಳು ಹೆಚ್ಚಿದವು, ಪಂಪ್‌ಸೆಟ್ಟುಗಳು ಅಣಬೆ ಎದ್ದ ಹಾಗೆ ಎದ್ದವು, ಆಳುಗಳು ಮಾತ್ರ ಅಷ್ಟೇ. ಹೀಗೆ ಓಡಾಟ ಹೆಚ್ಚಾಗುತ್ತಾ ಮೇಸ್ತ್ರಿಯ ಮಾತಿನಲ್ಲಿ ಅರ್ಧ ಉದುರಿಹೋಯಿತು. ಬಾಯಿಬಿಟ್ಟು ಇಳಿದೆ ಅನ್ನುವುದು ನಿಂತಿತು. ಚಪ್ಪಲಿ ಮಾತ್ರ ಉಳಿಯಿತು. ಚಪ್ಪಲಿ ಇಲ್ಲದಿದ್ದರೆ ನೀವೇ ಎತ್ತಿಕೊಳ್ಳಿ ಗೌಡ್ರೇ ಎಂದು ರೈತರಿಗೆ ಹೇಳಿ ಮುಂದಿನ ಊರಿಗೆ ಓಡುವುದು ನಮ್ಮೆಲ್ಲರಿಗೂ ರೂಢಿಯಾಯಿತು.

ಆಗ ನಾನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದ್ದೆ. ಬೆಟ್ಟದಪುರದ ಬೆಟ್ಟ ಕಾಣುವ ಒಂದು ಊರು, ಹೆಸರು ಬರೆಯುವುದಿಲ್ಲ. ನನ್ನ ಜೊತೆಯವನು ಮಾದೇಶ. ಸರಗೂರಿನ ಹುಡುಗ, ಮದುವೆಯಾಗಿ ಎರಡು ವರ್ಷ. ಕಂಬದ ಮೇಲೆ ಕೂತು ಕೆಳಗೆ ಹೊಗೆಸೊಪ್ಪು ಮುರಿಯುವ ಹೆಂಗಸರ ಜೊತೆ ಮಾತಾಡುತ್ತಲೇ ಕೆಲಸ ಮಾಡುವವನು. ನನ್ನನ್ನು ಪುಟ್ಟಸ್ವಾಮಣ್ಣ ಅನ್ನುತ್ತಿದ್ದ, ನನಗೆ ಸಿಟ್ಟು ಬಂದ ದಿನ ಮಾತ್ರ ಸಾಹೇಬ್ರೇ ಅನ್ನುತ್ತಿದ್ದ.

ಆ ಊರ ಹಿಡಿ ಇದ್ದದ್ದು ಕೆಂಚೇಗೌಡರ ಹೊಲದ ಅಂಚಿನ ಟಿಸಿ ಕಂಬದಲ್ಲಿ. ಗೌಡರಿಗೆ ಆಗ ಐವತ್ತರ ಆಸುಪಾಸು. ಗಟ್ಟಿ ಆಳು, ಮಾತು ಕಡಿಮೆ. ನಾವು ಹೋದರೆ ಅವರ ಹೆಂಡತಿ ಸಾಕಮ್ಮ ಮಜ್ಜಿಗೆ ತಂದುಕೊಡುತ್ತಿದ್ದರು. ನಾವು ಇಳಿದು ಹೊರಟುಹೋದ ಮೇಲೆ ಹಿಡಿ ಎತ್ತುವುದು ಗೌಡರ ಕೆಲಸ. ಎಷ್ಟೋ ವರ್ಷದಿಂದ ಎತ್ತಿದ್ದರು. ಒಂದು ದಿನವೂ ಚಪ್ಪಲಿ ಇರುವಾಗ ಕೈಯಿಟ್ಟವರಲ್ಲ.

ಆಯುಧಪೂಜೆಯ ದಿನ. ಹಿಂದಿನ ಸಂಜೆಯ ಗಾಳಿಗೆ ಮರದ ಕೊಂಬೆ ಬಿದ್ದು ಊರಾಚೆ ತಂತಿ ತುಂಡಾಗಿತ್ತು. ಆವತ್ತು ಮೋಟರಿಗೆ ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಒಂದು ಗಳಿಗೆಯಾದರೂ ನೀರು ಎತ್ತಿಸಬೇಕು, ಇಲ್ಲದಿದ್ದರೆ ಪೂಜೆ ಪೂರ್ತಿಯಾಗುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೇ ಬೆಳಿಗ್ಗೆಯಿಂದ ಆಫೀಸಿಗೆ ಫೋನಿನ ಮೇಲೆ ಫೋನು. ರಜೆಯಲ್ಲಿದ್ದ ನಮ್ಮಿಬ್ಬರನ್ನು ಕರೆಸಿದರು. ಕೆಲಸ ಮಾಡುವ ಕಡೆ ತಂತಿಗೆ ಸಿಕ್ಕಿಸಿ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡು ಸೆಕ್ಷನ್ನಿಗೆಲ್ಲ ಒಂದೇ. ಅದು ಆಗಲೇ ಬೇರೆ ಊರಿಗೆ ಹೋಗಿತ್ತು. ಅದಿದ್ದಿದ್ದರೆ ಹಿಡಿ ಎತ್ತಿದರೂ ಮಾದೇಶ ಸಾಯುತ್ತಿರಲಿಲ್ಲ. ಹುಡುಗರೇ, ಈ ಒಂದು ಸಾಲನ್ನು ಎರಡು ಸಲ ಓದಿ. ರಾಡು ಇಲ್ಲದೆ ಹತ್ತಬೇಡಿ, ಎದುರಿಗೆ ಊರೇ ನಿಂತು ಕೂಗಿದರೂ ಹತ್ತಬೇಡಿ.

ಮಾದೇಶ ಹಿಡಿ ಇಳಿಸಿ, ಅದರ ಕೆಳಗೆ ಚಪ್ಪಲಿ ಬಿಟ್ಟ. ಹೊಸ ಚಪ್ಪಲಿ, ಹಬ್ಬಕ್ಕೆ ತಗೊಂಡದ್ದು, ಇಲ್ಲಿ ಬಿಡೋಕೂ ಹೊಟ್ಟೆ ಉರಿಯುತ್ತೆ ಅಂದ. ಇಬ್ಬರೂ ಹೊಗೆಸೊಪ್ಪಿನ ಹೊಲ ದಾಟಿ ಹೋದೆವು. ಅವನು ಹತ್ತಿದ. ನಾನು ಕೆಳಗಿನಿಂದ ತಂತಿ ಕಳಿಸಿದೆ.

ಇತ್ತ ಟಿಸಿಯ ಹತ್ತಿರ ನಡೆದದ್ದು ಇಷ್ಟು. ಆ ಊರಲ್ಲಿ ಮೋಟರಿಗೆ ಮುಂಚೆ ಟಿಸಿ ಕಂಬಕ್ಕೆ ಪೂಜೆ. ಕರೆಂಟು ಕೊಡುವ ತಾಯಿ ಎಂದು ಅದಕ್ಕೆ ಅರಿಶಿನ ಕುಂಕುಮ, ಬಾಳೆಕಂದು. ಪೂಜೆಗೆ ಜಾಗ ಹಸನು ಮಾಡಿದ್ದಾರೆ. ಸಗಣಿ ಸಾರಿಸಿ, ರಂಗೋಲಿ ಬಿಟ್ಟಿದ್ದಾರೆ. ದೇವರ ಮುಂದೆ ಚಪ್ಪಲಿ ಇರಬಾರದಲ್ಲ? ಪೂಜೆ ಮುಗಿದ ಮೇಲೆ ಮತ್ತೆ ಅಲ್ಲೇ ಇಟ್ಟರಾಯಿತು ಎಂದು ಅದನ್ನು ತೆಗೆದು ಲಂಟಾನ ಪೊದೆಯ ಹಿಂದೆ ಇಟ್ಟಿದ್ದಾರೆ. ಆಮೇಲೆ ಕುಂಬಳಕಾಯಿ ಹಿಡಿದು ಗೌಡರು ಬಂದರು. ನೋಡಿದರು. ಸಾರಿಸಿದ ನೆಲ, ರಂಗೋಲಿ, ಚಪ್ಪಲಿ ಇಲ್ಲ. ಕೆಲಸ ಮುಗಿಸಿ ಹೊರಟಿದ್ದಾರೆ, ಹಬ್ಬದ ದಿನ ಪಾಪ ಬೇಗ ಹೋಗಲಿ ಅಂದುಕೊಂಡರು. ಕರ್ಪೂರ ಬೆಳಗಿದರು, ಕಾಯಿ ಒಡೆದರು, ಕೈಮುಗಿದು ಹಿಡಿ ಎತ್ತಿದರು.

ನಾನು ಕಂಡದ್ದನ್ನು ಬರೆಯುವುದಿಲ್ಲ. ಮಾದೇಶ ಅರ್ಧ ಮಾತಿನಲ್ಲಿದ್ದ. ಬೆಲ್ಟು ಹಾಕಿಕೊಂಡಿದ್ದರಿಂದ ಕೆಳಗೆ ಬೀಳಲಿಲ್ಲ, ಅಲ್ಲೇ ಜೋತುಬಿದ್ದ. ನಾನು ಹೊಗೆಸೊಪ್ಪಿನ ಸಾಲುಗಳ ನಡುವೆ ಕಿರುಚಿಕೊಂಡು ಹಿಡಿಯ ಕಡೆ ಓಡಿದೆ. ನನ್ನ ಕೂಗು ಕೇಳಿ ಗೌಡರೇ ಹಿಡಿ ಇಳಿಸಿದ್ದರು. ಇಳಿಸಿದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಊರವರು ಬಂದು ಬೆರಳು ಬಿಡಿಸಬೇಕಾಯಿತು.

ಪೊಲೀಸರು ಬಂದರು, ನಮ್ಮ ಸಾಹೇಬರುಗಳು ಬಂದರು. ಚಪ್ಪಲಿ ತೆಗೆದವರು ಯಾರು ಎಂದು ಕೇಳಿದರು. ನಾನೇ ತೆಗೆದೆ, ಹಿಡಿ ಎತ್ತಿದ್ದೂ ನಾನೇ ಎಂದು ಗೌಡರು ಹೇಳಿದರು. ಬೇರೆ ಮಾತೇ ಇಲ್ಲ, ಕೇಳಿದಷ್ಟು ಸಲವೂ ಅದೇ. ನಾನು ಪೊದೆಯ ಹಿಂದೆ ಹೋಗಿ ನೋಡಿದೆ. ಚಪ್ಪಲಿ ಎಸೆದಿರಲಿಲ್ಲ. ಒಂದು ಮುತ್ತುಗದ ಎಲೆ ಹಾಸಿ, ಅದರ ಮೇಲೆ ಜೋಡಿಯಾಗಿ, ಮಣ್ಣಾಗದ ಹಾಗೆ ಇಟ್ಟಿದ್ದರು. ಹೊಸ ಚಪ್ಪಲಿ ಎಂದು ಯಾರೋ ಮರುಗಿ ಇಟ್ಟದ್ದು. ಕಂಬದ ಬುಡದಲ್ಲಿ ರಂಗೋಲಿ ಇನ್ನೂ ಹಸಿಯಾಗಿತ್ತು. ನಮ್ಮ ಕಡೆ ಗಂಡಸರು ರಂಗೋಲಿ ಬಿಟ್ಟದ್ದನ್ನು ನಾನು ಕಂಡಿಲ್ಲ. ಸಾಕಮ್ಮ ಮನೆಯ ಜಗಲಿಯ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದರು. ನನಗೆ ಎಲ್ಲ ತಿಳಿಯಿತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೇಸು ಬಹಳ ವರ್ಷ ಎಳೆದು, ಬೇಕೆಂದು ಮಾಡಿದ್ದಲ್ಲ ಎಂದು ಮುಗಿಯಿತು. ಮಾದೇಶನ ಹೆಂಡತಿಗೆ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅವನ ತಾಯಿ ಮಾತ್ರ ನನ್ನ ಹತ್ತಿರ ಬಂದು ಒಂದೇ ಕೇಳಿದರು, ಅವನ ಚಪ್ಪಲಿ ಎಲ್ಲಿ ಎಂದು. ಪೊಲೀಸರು ತಗೊಂಡು ಹೋಗಿದ್ದಾರೆ ಅಂದೆ. ಕೊಡಿಸಲು ಆಗಲಿಲ್ಲ.

ಆ ಸಾವಾದ ಕೆಲವು ತಿಂಗಳಿಗೆ ಅದೇ ಲೈನಿನ ಮೇಲೆ ಮತ್ತೆ ಕೆಲಸ ಬಂತು. ನಾನೇ ಹತ್ತಬೇಕು. ಬೆಲ್ಟನ್ನು ಎರಡು ಸಲ ಬಿಚ್ಚಿ ಕಟ್ಟಿಕೊಂಡೆ. ಹಿಡಿ ಇಳಿಸಿ ಚಪ್ಪಲಿ ಬಿಡುವಾಗ ಕೆಂಚೇಗೌಡರು ಬಂದರು. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ನಾನು ಇಲ್ಲಿ ನಿಂತುಕೊಳ್ಳಲಾ ಎಂದು ಕೇಳಿದರು. ಬೇಡ ಅನ್ನಬೇಕೆಂದಿದ್ದೆ, ಮುಖ ನೋಡಿ ಹೂಂ ಅಂದೆ. ರಂಗಯ್ಯ ಮೇಸ್ತ್ರಿಯ ಮಾತು ಪೂರ್ತಿಯಾಗಿ ನೆನಪಿಗೆ ಬಂತು, ಅದನ್ನೇ ಅವರಿಗೆ ಹೇಳಿದೆ.

"ಗೌಡ್ರೇ, ಚಪ್ಲಿ ನೋಡ್ಬೇಡಿ ಇನ್ಮೇಲೆ. ಅತ್ತಿದೋನೇ ಬಂದು ಇಳ್ದೆ ಅಂತ ಯೋಳ್ಬೇಕು. ಅವ್ನ್ ಬದ್ಲು ಯಾರ್ ಯೋಳುದ್ರೂ ನಂಬ್ಬೇಡಿ. ನಾನ್ ಯೋಳುದ್ರೂ ನಂಬ್ಬೇಡಿ."

ಅವರು ತಲೆಯಾಡಿಸಿದರು. ನಾನು ಇಳಿದು ಬರುವವರೆಗೂ ಬಿಸಿಲಿನಲ್ಲಿ ಹಿಡಿಗೆ ಬೆನ್ನು ಕೊಟ್ಟು ನಿಂತಿದ್ದರು. ಬಂದು, ಇಳಿದೆ ಕಣ್ರೀ ಗೌಡ್ರೇ ಅಂದೆ. ನನ್ನ ಕಾಲಿಂದ ಮುಖದವರೆಗೆ ಒಮ್ಮೆ ನೋಡಿ ಪಕ್ಕಕ್ಕೆ ಸರಿದರು. ಹಿಡಿಯನ್ನು ನಾನೇ ಎತ್ತಿದೆ. ಅವರು ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ಆ ಲೈನಿನಲ್ಲಿ ಯಾರೇ ಹತ್ತಿದರೂ ಅಲ್ಲಿ ಕೆಂಚೇಗೌಡರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬೆಂಕಿ ಉರಿಯುತ್ತಿದ್ದರೂ ಬಿಟ್ಟು ಬರುತ್ತಿದ್ದರು. ತಮ್ಮನ ಮಗಳ ಧಾರೆಯ ಹೊತ್ತಿನಲ್ಲಿ ಲೈನ್‌ಮನ್ ಬಂದರೆಂದು ಕೇಳಿ ಎದ್ದು ಬಂದರಂತೆ. ಹಾಸನದಲ್ಲಿರುವ ಮಗಳ ಮನೆಗೆ ಹೋದವರಲ್ಲ, ಇಲ್ಲಿ ಯಾರಾದರೂ ಹತ್ತಿದರೆ ಎಂದು. ಊರಿನವರು ಮೊದಲು ಮರುಗಿದರು, ಆಮೇಲೆ ಆಡಿಕೊಂಡರು, ಆಮೇಲೆ ಅದೂ ನಿಂತಿತು. ಬೆಟ್ಟ ಇದೆ, ಟಿಸಿ ಇದೆ, ಗೌಡರಿದ್ದಾರೆ, ಅಷ್ಟೇ. ನಾನು ಬೇರೆ ಕಡೆ ವರ್ಗವಾಗಿ ಹೋದೆ. ಆಮೇಲೆ ಮೊಬೈಲು ಬಂತು, ಕರೆಂಟಿನ ಸಬ್‌ಸ್ಟೇಷನ್ನಿನಿಂದಲೇ ಲೈನು ನಿಲ್ಲಿಸುವುದು ಬಂತು, ಶೂ, ಗ್ಲೌಸು, ಹೆಲ್ಮೆಟ್ಟು ಬಂತು. ಒಳ್ಳೆಯದೇ ಆಯಿತು. ಚಪ್ಪಲಿ ಬಿಡುವುದು ಯಾರಿಗೂ ನೆನಪಿಲ್ಲ.

ಮೇಷ್ಟ್ರು ಆ ಪದ ಬಿಡಿಸಿ ಹೇಳಿದ ಮಾರನೆಯ ವಾರವೋ ಏನೋ, ಸಾಕಮ್ಮನಿಂದ ಫೋನು ಬಂತು. ಯಾರೋ ಹುಡುಗನಿಂದ ನನ್ನ ನಂಬರು ಹುಡುಕಿಸಿದ್ದರು. ಒಂದು ಸಲ ಬನ್ನಿ ಅಂದರು. ಬಸ್ಸು ಹಿಡಿದು ಹೋದೆ. ಅವರಿಗೂ ವಯಸ್ಸಾಗಿದೆ, ಕಣ್ಣು ಮಂಜು. ಗೌಡರು ಮನೆಯಲ್ಲಿರಲಿಲ್ಲ. ಈಗ ಕೆಲಸ ಇರಲಿ ಬಿಡಲಿ, ಬೆಳಗಾದರೆ ಹೋಗಿ ಕಂಬದ ಹತ್ತಿರ ನಿಲ್ಲುತ್ತಾರಂತೆ. ಕಾಲು ಬಾತಿದೆ, ಡಾಕ್ಟರು ನಿಲ್ಲಬಾರದು ಅಂದಿದ್ದಾರೆ. ಹೊಸ ಹುಡುಗರು, ಆ ಕಡೆ ಹೋಗಪ್ಪ ತಾತ ಎಂದು ಗದರುತ್ತಾರಂತೆ. ಸಾಕಮ್ಮ ನನ್ನ ಮುಂದೆ ಮಜ್ಜಿಗೆ ಇಟ್ಟು ಎದುರಿಗೆ ಕೂತರು.

"ಚಪ್ಲಿ ಎತ್ತಿಟ್ಟೋಳು ನಾನು" ಅಂದರು. "ನನ್ ಎಸ್ರು ಬರ್ದಂಗೆ ಇವ್ರು ಒತ್ಕೊಂಡ್ರು. ಮನೇಲೂ ಒಂದಿನ ಬಯ್ಲಿಲ್ಲ. ಬಯ್ದಿದ್ರೆ ಎಷ್ಟೋ ಸುಖ ಇತ್ತು. ನೀವು ಯೋಳುದ್ರೆ ಕೇಳ್ತಾರೆ ಕಣಣ್ಣ. ಆ ಉಡ್ಗ ಇಳ್ದ, ನೀವ್ ಮನೆಗ್ ನಡೀರಿ ಅಂತ ಒಂದ್ ಮಾತ್ ಯೋಳಿ."

ಎದ್ದು ಹೊಲದ ಕಡೆ ನಡೆದೆ.

ಆವತ್ತು ಲೈನಿನ ಮೇಲೆ ಕೆಲಸವೂ ಇತ್ತು. ದೂರದ ಕಂಬದಲ್ಲಿ ಒಬ್ಬ ಪವರ್‌ಮ್ಯಾನ್ ಕಾಣುತ್ತಿದ್ದ. ಕೆಂಚೇಗೌಡರು ಟಿಸಿ ಕಂಬದ ಪಕ್ಕ ಕೋಲೂರಿಕೊಂಡು ನಿಂತಿದ್ದರು. ಹಿಡಿಗೆ ಈಗ ಬೀಗ ಇದೆ, ಒಳ್ಳೆಯ ಹಿತ್ತಾಳೆ ಬೀಗ. ಅವರು ಆ ಬೀಗಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ನನ್ನ ಗುರುತು ಹಿಡಿದರು, ಕೈಮುಗಿದರು, ಕೂತ್ಕೊಳ್ಳಿ ಎಂದು ಕಲ್ಲು ತೋರಿಸಿದರು. ತಾವು ಕೂರಲಿಲ್ಲ. ಜಾಗಕ್ಕೆ ಕಟ್ಟಿಹಾಕಿಕೊಂಡವನು ಎಂದು ಮೇಷ್ಟ್ರು ಅಂದದ್ದು ಹೊಗಳಿಕೆಯ ಪದ. ಅದನ್ನು ಬಾಳಿದವನ ಮುಂದೆ ನಿಂತರೆ ಅದು ಹೊಗಳಿಕೆ ಅನ್ನಿಸುವುದಿಲ್ಲ. ಹಗ್ಗ ಕಾಣುತ್ತದೆ. ನಾನು ಊರೂರು ಅಲೆದು, ತಿಂಗಳ ಸಂಬಳ ಎಣಿಸಿ, ಪಿಂಚಣಿ ತಗೊಂಡು ಮನೆಯಲ್ಲಿ ಕೂತವನು. ಆ ಫಲಕ ನನಗೆ ಯಾವ ಬಾಬತ್ತಿಗೆ? ಗೌಡರಿಗೆ ಅದನ್ನು ಕೊಟ್ಟರೆ ಅದಕ್ಕಿಂತ ದೊಡ್ಡ ಕ್ರೌರ್ಯ ಇನ್ನೊಂದಿಲ್ಲ.

ಸಾಕಮ್ಮನ ಮಾತು ತಲೆಯಲ್ಲಿತ್ತು. ಧೈರ್ಯ ಮಾಡಿದೆ.

"ಗೌಡ್ರೇ, ಮಾದೇಶ ಇಳ್ದ. ಆವತ್ತೇ ಇಳ್ದ. ಇನ್ ಸಾಕು, ಮನೆಗ್ ನಡೀರಿ" ಅಂದೆ.

ಅವರು ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ. ನನಗೆ ನೋವಾಗಬಾರದು ಎಂಬಂತೆ ಮೆಲ್ಲಗೆ ಹೇಳಿದರು.

"ಅವ್ನೇ ಬಂದ್ ಯೋಳ್ಬೇಕು ಸ್ವಾಮಿ. ನೀವ್ ಯೋಳುದ್ರೂ ನಂಬ್ಬೇಡಿ ಅಂತ ನೀವೇ ಅಂದಿದ್ರಲ್ಲ."

ಕಲ್ಲಿನಿಂದ ಎದ್ದು ಅವರ ಪಕ್ಕದಲ್ಲಿ ನಿಂತೆ. ಆ ಪವರ್‌ಮ್ಯಾನ್ ಕೆಲಸ ಮುಗಿಸಿ ಇಳಿದ, ಫೋನಿನಲ್ಲಿ ಸ್ಟೇಷನ್ನಿಗೆ ಹೇಳುತ್ತಾ ಬಂದು, ಬೀಗ ತೆಗೆದು ಹಿಡಿ ಎತ್ತಿ, ನಮ್ಮತ್ತ ನೋಡದೆ ಬೈಕಿನ ಕಡೆ ಹೋದ. ಅವನನ್ನು ತಡೆದೆ. ಹಳೆಯ ಲೈನ್‌ಮನ್ ಎಂದು ಗುರುತು ಹೇಳಿ, ಒಂದು ಉಪಕಾರ ಮಾಡಪ್ಪ, ಈ ಗೌಡರ ಎದುರು ನಿಂತು ಇಳಿದೆ ಅನ್ನು ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಹೆಲ್ಮೆಟ್ಟು ತೆಗೆದು ಬಂದು ನಿಂತ. ಇಳ್ದೆ ತಾತ ಅಂದ. ಗೌಡರು ಅವನ ಶೂ ನೋಡಿದರು, ಮುಖ ನೋಡಿದರು, ಹೆಗಲು ಮುಟ್ಟಿದರು. ಆಮೇಲೆ ಕೋಲೂರಿಕೊಂಡು ಮನೆಯ ಕಡೆ ನಡೆದರು. ಸಾಕಮ್ಮ ಜಗಲಿಯ ಮೇಲೆ ನಿಂತು ಕಾಯುತ್ತಿದ್ದರು. ಗೌಡರು ಮಾರನೆಯ ಬೆಳಿಗ್ಗೆ ಮತ್ತೆ ಹೋಗಿ ನಿಂತರು ಎಂದು ಸಾಕಮ್ಮನೇ ಫೋನಿನಲ್ಲಿ ಹೇಳಿದರು.

ಹುಡುಗರೇ, ನೀವು ಆ ಕಡೆ ಲೈನಿಗೆ ಹೋದರೆ, ಬೆಟ್ಟ ಕಾಣುವ ಹೊಲದ ಅಂಚಿನಲ್ಲಿ ಒಬ್ಬ ಮುದುಕ ಹಿಡಿಗೆ ಬೆನ್ನು ಕೊಟ್ಟು ನಿಂತಿರುತ್ತಾರೆ. ಗದರಬೇಡಿ. ನಿಮಗೆ ಅವರ ಕಾವಲು ಬೇಕಿಲ್ಲ, ಗೊತ್ತು. ಕೆಲಸ ಮುಗಿದ ಮೇಲೆ ಅವರ ಹತ್ತಿರ ಹೋಗಿ, ಎದುರು ನಿಂತು, ಇಳಿದೆ ಅನ್ನಿ. ನಿಮ್ಮ ಬಾಯಿಂದಲೇ ಅನ್ನಿ. ಇನ್ನೊಬ್ಬರ ಕೈಲಿ ಹೇಳಿಸಬೇಡಿ, ಅವರು ನಂಬುವುದಿಲ್ಲ.